ಮೇಸ್ತ್ರಿಯವರ ಅಭಿಪ್ರಾಯ

ಮೇಷ್ಟ್ರು ಬಂದರು ಅನ್ನುತ್ತೇವೆ, ಮೇಸ್ತ್ರಿ ಬಂದ ಅನ್ನುತ್ತೇವೆ. ಒಬ್ಬರು ನೆರಳಲ್ಲಿ ಕೂತು ಮಕ್ಕಳನ್ನು ನಿಲ್ಲಿಸುತ್ತಾರೆ, ಇನ್ನೊಬ್ಬ ಬಿಸಿಲಲ್ಲಿ ನಿಂತು ಶಾಲೆಯನ್ನೇ ಎತ್ತಿ ನಿಲ್ಲಿಸುತ್ತಾನೆ. ಆದರೆ ಬಹುವಚನ ಯಾರ ಪಾಲು ಅನ್ನುವುದನ್ನು ಲೋಕ ಎಂದೋ ತೀರ್ಮಾನ ಮಾಡಿ ಮುಗಿಸಿದೆ. ಇದು ಅಂಥ ಒಬ್ಬ ಏಕವಚನದ ಮನುಷ್ಯನ ಕಥೆ. ವಯಸ್ಸು ಅರವತ್ತೆರಡು, ಅದರಲ್ಲಿ ನಲವತ್ತೆಂಟು ವರ್ಷ ಕರಣೆ ಹಿಡಿದ ಕೈ. ಅಪ್ಪನೂ ಗಾರೆ ಕೆಲಸದವನೇ. ಓದಿದ್ದು ಮೂರನೇ ಕ್ಲಾಸು. ನಾಲ್ಕನೇ ಕ್ಲಾಸಿನ ಕೋಣೆಗೆ ಅಪ್ಪ ಗೋಡೆ ಎಬ್ಬಿಸುತ್ತಿದ್ದಾಗ ಇಟ್ಟಿಗೆ ಹೊತ್ತು ಕೊಡಲು ಹೋದ ಹುಡುಗ, ಕೋಣೆ ಮುಗಿದ ಮೇಲೆ ಅಪ್ಪನ ಹಿಂದೆ ಮುಂದಿನ ಕಟ್ಟಡಕ್ಕೆ ಹೋದ. ಒಳಗೆ ಕೂತು ಓದಬೇಕಾಗಿತ್ತು ಅಂತ ಯಾರಿಗೂ ಹೊಳೆಯಲಿಲ್ಲ.

ಊರಿನಲ್ಲಿ ಅವನನ್ನು ಕನ್ನಡಿ ಮೇಸ್ತ್ರಿ ಅನ್ನುತ್ತಿದ್ದರು. ಅವನು ಸಿಮೆಂಟ್ ಹಾಲು ಬಳಿದು ತಿಕ್ಕಿದ ಗೋಡೆಯಲ್ಲಿ ಮುಖ ಕಾಣುತ್ತದೆ ಅನ್ನುವ ಮಾತಿತ್ತು. ಮುಖವೇನೂ ಕಾಣುತ್ತಿರಲಿಲ್ಲ, ಹಲ್ಲಿ ಮಾತ್ರ ಜಾರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಅಂಗೈ ಹಿಂಭಾಗದಿಂದ ಗೋಡೆ ಸವರಿ ನೋಡುವುದು, ಒಂದು ಮರಳಿನ ಕಾಳು ಸಿಕ್ಕಿದರೆ ಮೂಗು ಮುರಿಯುವುದು ಅವನ ಚಾಳಿ. ಮದುವೆಯಾಗಿ ನಲವತ್ತು ವರ್ಷವಾಯಿತು, ನನ್ನ ಕೆನ್ನೆಯನ್ನು ಒಂದು ಸಲ ಇಷ್ಟು ಅಕ್ಕರೆಯಿಂದ ಸವರಿದ್ದುಂಟಾ ಅಂತ ಹೆಂಡತಿ ನಾಲ್ಕು ಜನರ ಮುಂದೆಯೇ ಕೇಳುತ್ತಿದ್ದಳು.

ಅವನ ಕೈಯ ದೊಡ್ಡ ಸಾಧನೆ ಊರಿನ ಶಾಲೆಯ ಉದ್ದ ಹಾಲು. ಇಪ್ಪತ್ತೈದು ವರ್ಷದ ಹಿಂದೆ ದೊಡ್ಡ ಕಚೇರಿಯಿಂದ ಸುರುಳಿ ಸುತ್ತಿದ ನಕ್ಷೆ ಬಂದಿತ್ತು. ಅರವತ್ತಡಿ ಉದ್ದ, ಇಪ್ಪತ್ತಡಿ ಅಗಲ, ಒಂದು ತುದಿಯಲ್ಲಿ ಮೇಷ್ಟ್ರಿಗೆ ಕಟ್ಟೆ, ಕಿಟಕಿಗಳೆಲ್ಲ ನೆಲದಿಂದ ಐದೂವರೆ ಅಡಿ ಮೇಲೆ. ಮೂಲದಲ್ಲಿ ಅದು ಗೋದಾಮಿನ ನಕ್ಷೆಯಂತೆ. ಮೂಟೆ ಅಂತ ಇದ್ದ ಕಡೆ ವಿದ್ಯಾರ್ಥಿ ಅಂತ ಬರೆದು ಕಳಿಸಿದ್ದರು ಅಂತ ಆಗಿನ ಓವರ್ಸಿಯರ್ ಹೇಳಿ ನಕ್ಕಿದ್ದ. ಮೂಟೆಗೆ ಏನು ಬೇಡವೋ ಮಗುವಿಗೂ ಅದು ಬೇಡ ಅನ್ನುವುದು ಆ ನಕ್ಷೆಯ ತತ್ವ. ಹೊರಗೆ ನೋಡುವುದು ಬೇಡ, ಪಕ್ಕದವರ ಮುಖ ನೋಡುವುದು ಬೇಡ, ಅಲ್ಲಾಡುವುದಂತೂ ಬೇಡವೇ ಬೇಡ. ಮೇಸ್ತ್ರಿಗೆ ತತ್ವ ಯಾಕೆ? ಕೊಟ್ಟ ನಕ್ಷೆಯನ್ನು ಅಂಗುಲ ತಪ್ಪದೆ ಎಬ್ಬಿಸಿ, ಒಳಗೆ ನಾಲ್ಕೂ ಗೋಡೆಗಳನ್ನು ನೆಲದಿಂದ ಮಾಳಿಗೆವರೆಗೆ ತಿಕ್ಕಿ ತಿಕ್ಕಿ ಗಾಜು ಮಾಡಿ ಕೊಟ್ಟ. ಉದ್ಘಾಟನೆಗೆ ಬಂದವರು ಪಾಠದ ಬಗ್ಗೆ ಒಂದು ಮಾತಾಡಲಿಲ್ಲ, ಗೋಡೆ ಸವರಿಕೊಂಡು ಹೋದರು.

ಆ ಶಾಲೆಗೆ ಈಗಿನ ಹೆಡ್ಮಾಸ್ಟರು ಬಂದು ಹನ್ನೊಂದು ವರ್ಷ. ಶಿಕ್ಷಣದ ಬಗ್ಗೆ ಅವರಿಗೆ ಖಚಿತವಾದ ವಿಚಾರಗಳಿದ್ದವು, ಒಟ್ಟು ಎರಡು. ಮೊದಲನೆಯದು ಕೈ ಕಟ್ಟು. ಎರಡನೆಯದು ಬಾಯಿ ಮುಚ್ಚು. ಹಾಲಿನಲ್ಲಿ ಎಪ್ಪತ್ತು ಮಕ್ಕಳನ್ನು ಅಂಕದ ಪ್ರಕಾರ ಕೂರಿಸುತ್ತಿದ್ದರು. ಹೆಚ್ಚು ಅಂಕ ತೆಗೆದವರು ಕಟ್ಟೆಯ ಕೆಳಗೆ, ಕಡಿಮೆ ತೆಗೆದವರು ಅರವತ್ತಡಿ ಆಚೆ. ಬರುವವನಿಗೆ ಬರಲಿ, ಬಾರದವನು ಹಾಳಾಗಲಿ ಅಂತ ಬಾಯಿ ಬಿಟ್ಟು ಹೇಳುವುದು ಒರಟುತನ. ಬೆಂಚು ಹಾಕಿ ಹೇಳಿದರೆ ಅದಕ್ಕೆ ಶಿಸ್ತು ಅಂತ ಹೆಸರು.

ಈ ಅರವತ್ತಡಿಯ ಆಚೆಗೆ, ಕೊನೇ ಬೆಂಚಿಗೆ, ಕನ್ನಡಿ ಮೇಸ್ತ್ರಿಯ ಮೊಮ್ಮಗಳು ಬಂದು ಸೇರಿದಳು. ಮನೆಯಲ್ಲಿ ಪುಟ್ಟಿ ಅನ್ನುತ್ತಿದ್ದರು. ಅವಳ ತಾಯಿ, ಮೇಸ್ತ್ರಿಯ ಮಗಳು, ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದಳು, ಮಗು ಬೆಳೆದದ್ದೆಲ್ಲ ಅಜ್ಜಿ ತಾತನ ಮಡಿಲಲ್ಲೇ. ಮೂರು ವರ್ಷವಿದ್ದಾಗ ಜ್ವರ ಬಂದು ಬಲಗಿವಿ ಸೋರಿ, ಆ ಕಿವಿ ಮಂದವಾಗಿತ್ತು. ಎಡಗಿವಿ ಚುರುಕು. ಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಹಿತ್ತಲಿನಿಂದ ಓಡಿ ಬರುತ್ತಿದ್ದಳು. ಅಂಥ ಮಗು ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲೇ ಎರಡು ಸಲ ಫೇಲಾಯಿತು.

ಉಕ್ತಲೇಖನದ ಪುಸ್ತಕ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಮೇಷ್ಟ್ರು ಹಸು ಹುಲ್ಲು ತಿನ್ನುತ್ತದೆ ಅಂದಿದ್ದರು, ಇವಳು ಹಸು ಹಲ್ಲು ತಿನ್ನುತ್ತದೆ ಅಂತ ಬರೆದಿದ್ದಳು. ರಾಜನು ಕೋಟೆ ಕಟ್ಟಿಸಿದ್ದ, ಇವಳ ಪುಸ್ತಕದಲ್ಲಿ ರಾಜನು ಕೋತಿ ಕಟ್ಟಿಸಿದ್ದ. ಕೆಂಪು ಶಾಯಿಯಲ್ಲಿ ದೊಡ್ಡದಾಗಿ ದಡ್ಡಿ ಅಂತ ಬರೆದು ಹೆಡ್ಮಾಸ್ಟರು ಸಹಿ ಹಾಕಿದ್ದರು. ಈ ವರ್ಷವೂ ಫೇಲಾದರೆ ಹೆಸರು ತೆಗೆಯುತ್ತೇವೆ, ಹೊಲಿಗೆಗೋ ಮುಸುರೆಗೋ ಹಾಕಿಕೊಳ್ಳಿ ಅಂತ ಮೇಸ್ತ್ರಿಯನ್ನು ಕರೆಸಿ ಹೇಳಿದರು. ಒಂದು ಕಿವಿ ಮಂದ, ದಯವಿಟ್ಟು ಮುಂದೆ ಕೂರಿಸಿ ಅಂತ ಮೇಸ್ತ್ರಿ ಕೈ ಮುಗಿದ. ಮುಂದಿನ ಬೆಂಚು ಬೇಡಿ ಪಡೆಯುವುದಲ್ಲ, ಅಂಕ ತೆಗೆದು ಪಡೆಯುವುದು ಅಂದರು.

"ಅಂಕ ಬರ್ಬೇಕಾದ್ರೆ ಕೇಳಿಸ್ಬೇಕಲ್ವಾ ಸಾರ್?"

"ಗಮನ ಇದ್ರೆ ಕೇಳಿಸುತ್ತಯ್ಯಾ. ಬೇರೆಯವರಿಗೆ ಕೇಳಿಸಲ್ವಾ?"

ಕೊನೇ ಮೂರು ಬೆಂಚುಗಳಲ್ಲಿ ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ. ಅವರೆಲ್ಲ ದಡ್ಡರಾದ್ದರಿಂದ ಅವರ ಮಾತಿಗೆ ಬೆಲೆಯಿರಲಿಲ್ಲ.

ಮೇಸ್ತ್ರಿಗೆ ವಿಷಯ ತಿಳಿದದ್ದು ಹಾಲಿನ ನೆಲದ ಬಿರುಕು ಮುಚ್ಚಲು ಕರೆದ ದಿನ. ಪಾಠ ನಡೆಯುತ್ತಲೇ ಇತ್ತು. ಬಿರುಕಿಗಾಗಿ ಪಾಠ ನಿಲ್ಲಿಸುವ ಪದ್ಧತಿ ಇರಲಿಲ್ಲ. ಅವನು ಕೊನೇ ಬೆಂಚಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಸಿಮೆಂಟ್ ತುಂಬುತ್ತಿದ್ದ. ಕಟ್ಟೆಯ ಮೇಲಿಂದ ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದರು. ಒಂದು ಮಾತು ಬರುವಷ್ಟರಲ್ಲಿ ಅದರ ಹಿಂದಿನ ಮಾತು ಹಿಂಗೋಡೆಗೆ ಬಡಿದು ವಾಪಸ್ಸು ಬಂದು ಅದರ ಮೇಲೆ ಬೀಳುತ್ತಿತ್ತು. ಅಕ್ಕಪಕ್ಕದ ಗೋಡೆಗಳೂ ತಮ್ಮ ಪಾಲಿನದನ್ನು ಸೇರಿಸಿ ಕಳಿಸುತ್ತಿದ್ದವು. ಎರಡು ಕಿವಿ ನೆಟ್ಟಗಿರುವ ತನಗೇ ಐವತ್ತಾರೋ ಅರವತ್ತಾರೋ ತಿಳಿಯಲಿಲ್ಲ. ಗೋಡೆಗೂ ಕಿವಿಯಿದೆ ಅನ್ನುತ್ತಾರೆ. ಈ ಗೋಡೆಗಳಿಗೆ ಇದ್ದದ್ದು ಬಾಯಿ.

ಖಾಲಿ ಮನೆ ಗುಂಯ್ ಅನ್ನುವುದು ಗಾರೆ ಕೆಲಸದವರಿಗೆಲ್ಲ ಗೊತ್ತು. ಹಾಸಿಗೆ ಬಟ್ಟೆ ಚಾಪೆ ಬಂದ ಮೇಲೆ ಆ ಸದ್ದು ಅಡಗುತ್ತದೆ. ಈ ಹಾಲಿಗೆ ಬಂದದ್ದು ಬೆಂಚು ಮಾತ್ರ. ಗೋಡೆ ಎಷ್ಟು ನುಣುಪೋ ಸದ್ದು ಅಷ್ಟು ಚೆನ್ನಾಗಿ ಪುಟಿಯುತ್ತದೆ, ಈ ಗೋಡೆಯನ್ನು ಇಷ್ಟು ನುಣುಪು ಮಾಡಿದ್ದು ತಾನೇ. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಮಾತಿದೆ. ಇಲ್ಲಿ ಮಾಡಿದವನು ಉಣ್ಣಲಿಲ್ಲ, ಮೊಮ್ಮಗಳಿಗೆ ಉಣ್ಣಿಸಿದ್ದ. ಆ ದಿನ ಅವನು ಬಿರುಕು ಮುಚ್ಚಿ, ಗೋಡೆ ಸವರದೆ ಮನೆಗೆ ಬಂದ. ಅವನಿಗೆ ತನ್ನ ಕೈ ಮೇಲೆಯೇ ಅಸಹ್ಯವಾಗಿತ್ತು.

ಅಷ್ಟರಲ್ಲಿ ಸರ್ಕಾರದ ಕೃಪೆಯಾಯಿತು. ಶಾಲೆಗೆ ನಾಲ್ಕು ಹೊಸ ಕೊಠಡಿಗಳು ಮಂಜೂರಾದವು. ಶಿಕ್ಷಣ ಕಚೇರಿಗೆ ಆಗಷ್ಟೇ ಬಂದಿದ್ದ ಹೊಸ ಸಾಹೇಬರಿಗೆ ಎರಡು ಖಯಾಲಿಗಳಿದ್ದವು. ಕಟ್ಟಡ ಕಟ್ಟುವ ಮೊದಲು ಅದನ್ನು ಬಳಸುವವರನ್ನು ಕೇಳಬೇಕು ಅನ್ನುವುದು ಒಂದು. ಕಚೇರಿಯ ಪತ್ರಗಳು ಜನ ಆಡುವ ಮಾತಿನಲ್ಲಿರಬೇಕು ಅನ್ನುವುದು ಇನ್ನೊಂದು. ಎರಡೂ ಒಳ್ಳೆಯವೇ, ಬೇರೆ ಬೇರೆ ದಿನ ಬಂದಿದ್ದರೆ. ಮುಖ್ಯೋಪಾಧ್ಯಾಯರು ಅನ್ನುವ ಕಬ್ಬಿಣದ ಕಡಲೆ ಬೇಡ, ಮೇಷ್ಟ್ರು ಅಂತಲೇ ಬರಿ ಅಂತ ಗುಮಾಸ್ತನಿಗೆ ಹೇಳಿ, ತಮ್ಮ ಎತ್ತರದ ಕೋಣೆಯ ಆ ತುದಿಯಿಂದ ಪತ್ರ ಹೇಳಿ ಬರೆಸಿದರು. ಈ ತುದಿಯಲ್ಲಿ ಕೂತಿದ್ದ ಗುಮಾಸ್ತ ತನಗೆ ಕೇಳಿಸಿದ್ದನ್ನು ಬರೆದ. "ಹೊಸ ಕೊಠಡಿ ಮಕ್ಕಳ ಕಲಿಕೆಗೆ ಹೇಗಿರಬೇಕು ಅನ್ನುವ ಬಗ್ಗೆ ಅನುಭವಿ ಮೇಸ್ತ್ರಿಯವರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆದು ಅದರಂತೆ ಕಟ್ಟುವುದು." ಉಕ್ತಲೇಖನದಲ್ಲಿ ಅವನೂ ಕೋಟೆಗೆ ಕೋತಿ ಬರೆದಿದ್ದ. ಅವನನ್ನು ಯಾರೂ ದಡ್ಡ ಅನ್ನಲಿಲ್ಲ, ಅವನ ಕೆಲಸ ಖಾಯಮ್ಮಾಗಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವುದು ಕಚೇರಿಗಳ ಧರ್ಮ. ಪತ್ರ ಐದು ಮೇಜು ದಾಟಿತು, ಐದು ಸಹಿ ಬಿತ್ತು, ಒಬ್ಬರೂ ಹುಬ್ಬೇರಿಸಲಿಲ್ಲ. ಓವರ್ಸಿಯರ್ ಅದನ್ನು ಹಿಡಿದುಕೊಂಡು ಮೇಸ್ತ್ರಿಯ ಮನೆ ಹುಡುಕಿಕೊಂಡು ಬಂದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೇಸ್ತ್ರಿ ಅನ್ನುವ ಪದದ ಮುಂದೆ ಯವರ ಅಂತ ಸೇರಿದ್ದು ಅವನು ನೋಡಿದ್ದು ಇದೇ ಮೊದಲು, ಆದ್ದರಿಂದ ಅವನೂ ಸ್ವಲ್ಪ ತಗ್ಗಿ ಮಾತಾಡಿದ. ಮರಳು ಸೋಸುತ್ತಿದ್ದ ಮೇಸ್ತ್ರಿ ಜರಡಿ ಕೆಳಗಿಟ್ಟು, ಇದು ನಿಜವಾ ಅಂತ ಮೂರು ಸಲ ಕೇಳಿದ. ಸೀಲು ಬಿದ್ದಿದೆಯಲ್ಲ ಅಂದ ಓವರ್ಸಿಯರ್.

ಭಾನುವಾರ ಊಟವಾದ ಮೇಲೆ ಅಡುಗೆಮನೆಯಲ್ಲಿ ಮೇಸ್ತ್ರಿ ಅಭಿಪ್ರಾಯ ಹೇಳಿದ, ಪುಟ್ಟಿ ಬರೆದಳು. ಹಿಂದಿನ ಬೆಂಚಿನ ಮಗುವಿಗೂ ಮೇಷ್ಟ್ರ ತುಟಿ ಕಾಣುವಷ್ಟೇ ಉದ್ದದ ಕೋಣೆ ಸಾಕು ಅಂದ. ಕಿಟಕಿ ಕೂತ ಮಗುವಿನ ಎದೆಮಟ್ಟಕ್ಕಿರಲಿ, ಹೊರಗೆ ಹೋಗುವ ಕೋಳಿಯನ್ನು ಒಂದು ಗಳಿಗೆ ನೋಡಿದರೆ ಮಗ್ಗಿ ಮರೆತು ಹೋಗುವುದಿಲ್ಲ, ಬೆಳಕಂತೂ ಬೀಳುತ್ತದೆ ಅಂದ. ಕೊನೆಗೆ ಒಂದೊಂದೇ ಮಾತಾಗಿ ಹೇಳಿದ:

"ಗೋಡೆ ನುಣುಪು ಬೇಡ. ನುಣುಪಾದ ಗೋಡೆ ಮಾತನ್ನ ನುಂಗಲ್ಲ, ಮಕ್ಕಳ ಮೇಲೆ ಉಗುಳುತ್ತೆ. ಹಳೇ ಹಾಲಲ್ಲಿ ಆ ತಪ್ಪು ಮಾಡಿದೋನು ನಾನೇ."

ಸಂಜೆ ಮಗಳು ಕೆಲಸದಿಂದ ಬಂದು ಓದಿ ನೋಡಿದಳು. ಒಂದೂವರೆ ಪುಟ, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಮೇಸ್ತ್ರಿ ಕೆಳಗೆ ತನ್ನ ಹೆಸರನ್ನು ಚಿತ್ರ ಬರೆದ ಹಾಗೆ ಬರೆದು, ಒಗೆದ ಅಂಗಿ ತೊಟ್ಟು, ಮರುದಿನ ತಾನೇ ಹೋಗಿ ಕೊಟ್ಟು ಬಂದ.

ಕಚೇರಿಯ ಪತ್ರದ ಒಂದು ಪ್ರತಿ ಹೆಡ್ಮಾಸ್ಟರ ಮೇಜಿಗೂ ಹೋಯಿತು. ಅವರು ಕೆಂಡಾಮಂಡಲವಾದರು. ಮೂವತ್ತು ವರ್ಷ ಪಾಠ ಹೇಳಿದ ತಮ್ಮನ್ನು ಬಿಟ್ಟು ಕಲಿಕೆಯ ಬಗ್ಗೆ ಮಣ್ಣು ಕಲೆಸುವವನನ್ನು ಕೇಳುವುದೇ ಅಂತ ಕಚೇರಿಗೆ ಹೋಗಿ ಕೂಗಾಡಿದರು. ಮೂರೇ ದಿನದಲ್ಲಿ ತಿದ್ದುಪಡಿ ಹೊರಟಿತು: ಮೇಸ್ತ್ರಿ ಎಂದಿರುವಲ್ಲಿ ಮೇಷ್ಟ್ರು ಎಂದು ಓದಿಕೊಳ್ಳತಕ್ಕದ್ದು. ಆಡುಮಾತಿನ ಖಯಾಲಿಯೂ ಅಲ್ಲಿಗೆ ಮುಗಿಯಿತು. ಮೇಸ್ತ್ರಿಯ ಕಾಗದದಲ್ಲಿ ಏನಿದೆ ಅಂತ ಓದಿ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಬರೆಯಬಾರದವನು ಬರೆದದ್ದರಲ್ಲಿ ಓದುವಂಥದ್ದು ಏನಿರುತ್ತದೆ?

ಹೆಡ್ಮಾಸ್ಟರ ಅಭಿಪ್ರಾಯ ಅರ್ಧ ಪುಟದಲ್ಲಿ ಮುಗಿದಿತ್ತು. ನಾಲ್ಕು ಸಣ್ಣ ಕೋಣೆ ಬೇಡ, ನಲವತ್ತಡಿಯ ಎರಡು ಹಾಲು ಸಾಕು, ಒಂದು ಸಲ ಗದರಿದರೆ ಎಲ್ಲರಿಗೂ ತಲುಪಬೇಕು. ಕಿಟಕಿ ಆರಡಿ ಎತ್ತರ. ಕಟ್ಟೆ ಇನ್ನೂ ಒಂದಡಿ ಮೇಲೆ. ಹೊರಗಿನಿಂದ ಕದ್ದು ನೋಡಲು ಬಾಗಿಲಿಗೆ ಒಂದು ತೂತು. ಗೋಡೆ ಮಾತ್ರ ಕನ್ನಡಿ ಮೇಸ್ತ್ರಿಯ ಕೈಯದೇ ಆಗಬೇಕು, ಹಳೇ ಹಾಲಿನಷ್ಟೇ ನುಣುಪು. ಅವನ ತಲೆ ಬೇಡ, ಕೈ ಬೇಕು.

ಕೈ ಕೆಲಸಕ್ಕೆ ಹೋಯಿತು. ಗೋಡೆ ಎದ್ದಿತು, ಆರಡಿ ಎತ್ತರದಲ್ಲಿ ಕಿಟಕಿ ಕೂತಿತು, ಬಾಗಿಲಿಗೆ ತೂತೂ ಬಿತ್ತು. ಇವನ್ನೆಲ್ಲ ಟೇಪು ಹಿಡಿದು ಅಳೆಯುತ್ತಾರೆ, ತಪ್ಪಿಸಲು ಬರುವುದಿಲ್ಲ. ಗೋಡೆಗೆ ಮೆತ್ತುವ ಗಿಲಾವನ್ನು ಯಾರೂ ಅಳೆಯುವುದಿಲ್ಲ, ಕಣ್ಣಿನಲ್ಲಿ ನೋಡುತ್ತಾರೆ, ಅದೂ ಸುಣ್ಣ ಬಳಿಯುವ ಹೊತ್ತಿಗೆ. ಮೇಸ್ತ್ರಿ ಬಡಗಿಯ ಅಂಗಡಿಯಿಂದ ಎರಡು ಚೀಲ ಮರದ ಹೊಟ್ಟು ತಂದು ಹಿತ್ತಲಲ್ಲಿ ಹಾಕಿದ್ದನ್ನು ಹೆಂಡತಿ ನೋಡಿದಳು. ಸುಣ್ಣದ ಗಾರೆಗೆ ಹೊಟ್ಟು ಬೆರೆಸಿ ದಪ್ಪಗೆ ಎರಚಿ, ತಿಕ್ಕದೆ ಹಾಗೇ ಬಿಟ್ಟರೆ ಗೋಡೆ ತುಂಬ ಗುಳಿ ಗುಳಿಯಾಗಿ ನಿಲ್ಲುತ್ತದೆ, ಸದ್ದು ಅದರೊಳಗೆ ಸಿಕ್ಕಿಕೊಂಡು ಸಾಯುತ್ತದೆ ಅಂತ ಅವನು ವಿವರಿಸಿದ. ಅವಳಿಗೆ ಸದ್ದಿನ ವಿಷಯ ಅರ್ಥವಾಗಲಿಲ್ಲ, ಗಂಡನ ವಿಷಯ ಚೆನ್ನಾಗಿ ಅರ್ಥವಾಯಿತು.

"ನಲವತ್ತೆಂಟು ವರ್ಷದ ಹೆಸರು ರೀ. ಒಂದೇ ದಿನಕ್ಕೆ ಹೋಗುತ್ತೆ."

"ಹೋದ್ರೆ ನನ್ನ ಹೆಸರು ತಾನೇ. ರಿಜಿಸ್ಟರಿಂದ ಅವಳ ಹೆಸರು ಹೋಗ್ಬಾರದು."

ಅವಳು ಹೊಟ್ಟಿನಲ್ಲಿದ್ದ ಚಕ್ಕೆ ಮೊಳೆಗಳನ್ನು ಆರಿಸಿ ಜರಡಿ ಹಿಡಿದು ಕೊಟ್ಟಳು.

ಮೂರನೇ ಕ್ಲಾಸಿಗೆ ಅಂತ ಇಟ್ಟಿದ್ದ ಹಾಲಿನ ಹಿಂಗೋಡೆ ಪೂರ್ತಿ, ಅಕ್ಕಪಕ್ಕದ ಗೋಡೆಗಳ ಮೇಲರ್ಧ, ಇಷ್ಟಕ್ಕೆ ಅವನು ಒಬ್ಬನೇ ನಿಂತು ಎರಡು ವಾರ ಗಾರೆ ಎರಚಿದ. ನುಣುಪು ಮಾಡಿ ಪಳಗಿದ ಕೈಗೆ ಒರಟು ಮಾಡುವುದು ಕಷ್ಟ. ಎಷ್ಟೋ ಸಲ ತಾನಾಗಿಯೇ ತಿಕ್ಕಲು ಹೋಗುತ್ತಿತ್ತು, ಬೈದು ಹಿಂದಕ್ಕೆಳೆಯಬೇಕಾಗುತ್ತಿತ್ತು. ಗಾರೆ ಒಣಗಿದ ಮೇಲೆ ಕಟ್ಟೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದ. ಸದ್ದು ಹೋಯಿತು, ವಾಪಸ್ಸು ಬರಲಿಲ್ಲ. ಇನ್ನೊಂದು ಸಲ ತಟ್ಟಿ ನೋಡಿದ, ಆಗಲೂ ಬರಲಿಲ್ಲ.

ಉದ್ಘಾಟನೆ ಸೋಮವಾರ, ಓವರ್ಸಿಯರ್ ಸುಣ್ಣದವರನ್ನು ಕರೆದುಕೊಂಡು ಬಂದದ್ದು ಶನಿವಾರ. ಗೋಡೆ ನೋಡಿ ಅವನ ಜೀವ ಬಾಯಿಗೆ ಬಂತು. ಹಿಂದೆಯೇ ಹೆಡ್ಮಾಸ್ಟರೂ ಬಂದರು. ಇದು ಗೋಡೆಯೋ ದನದ ಕೊಟ್ಟಿಗೆಯೋ, ಬೇಕಂತಲೇ ಮಾಡಿದ್ದಾದರೆ ಉದ್ಘಾಟನೆ ಮುಂದಕ್ಕೆ ಹಾಕಿಯಾದರೂ ಎಲ್ಲ ಕೆತ್ತಿಸಿ ಮತ್ತೆ ಮಾಡಿಸುತ್ತೇನೆ ಅಂದರು. ಮೇಸ್ತ್ರಿಗೆ ಆಗ ಎರಡೇ ದಾರಿ. ಇದು ನನ್ನ ವಿದ್ಯೆ ಅಂತ ತಲೆ ಎತ್ತಿ ಹೇಳಿದರೆ ಗೋಡೆ ಉಳಿಯುವುದಿಲ್ಲ. ಗೋಡೆ ಉಳಿಯಬೇಕಾದರೆ ತಲೆ ತಗ್ಗಬೇಕು. ಯಾರ ಮನೆಯ ಗೋಡೆಯಲ್ಲಿ ಒಂದು ಕಾಳು ಸಿಕ್ಕಿದರೂ ಮೂಗು ಮುರಿಯುತ್ತಿದ್ದ ಮನುಷ್ಯ ಬಲಗೈಯನ್ನು ಮುಂದೆ ಚಾಚಿ, ಅದನ್ನು ಬೇಕಂತಲೇ ನಡುಗಿಸಿ ತೋರಿಸಿದ.

"ವಯಸ್ಸಾಯ್ತು ಸಾರ್. ಕೈ ನಿಲ್ಲಲ್ಲ. ಎಷ್ಟು ತಿಕ್ಕಿದ್ರೂ ಹಿಂಗೇ ಆಯ್ತು."

ಹೆಡ್ಮಾಸ್ಟರಿಗೆ ಸಿಟ್ಟು ಇಳಿದು ಸಂತೋಷವಾಯಿತು. ಅಭಿಪ್ರಾಯ ಕೊಡಲು ಹೊರಟವನ ಕೈಯೇ ಕೆಟ್ಟಿದೆ ಅಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಪಾಪ, ಮುದುಕ, ಹೋಗಲಿ ಬಿಡು, ಸುಣ್ಣ ಬಳಿದು ಮುಚ್ಚಿ ಅಂತ ಉದಾರವಾಗಿ ಹೇಳಿದರು. ಭಾನುವಾರ ಸಂಜೆಯೊಳಗೆ ಕನ್ನಡಿ ಮೇಸ್ತ್ರಿಯ ಕೈ ಹೋಯಿತು ಅನ್ನುವುದು ಊರಿಗೆಲ್ಲ ತಿಳಿದಿತ್ತು. ಮನೆ ಕಟ್ಟಿಸಲು ಮಾತಾಡಿದ್ದ ಇಬ್ಬರು ಬೇರೆ ಮೇಸ್ತ್ರಿಯನ್ನು ನೋಡಿಕೊಂಡರು. ಅವನ ಕೈಯಲ್ಲೇ ಕೆಲಸ ಕಲಿತವನೊಬ್ಬ ಬಂದು ಬೆನ್ನು ತಟ್ಟಿ, ಇನ್ನು ಆರಾಮಾಗಿರಿ ಅಣ್ಣ ಅಂತ ಹೇಳಿ ಹೋದ. ಮೇಸ್ತ್ರಿ ಅಂದು ಊಟ ಮಾಡಲಿಲ್ಲ. ಅವನಿಗೆ ಅವಮಾನವಾಗಿತ್ತು, ಹಾಗಂತ ಹೆಂಡತಿಗೆ ಬಾಯಿಬಿಟ್ಟೇ ಹೇಳಿದ. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಖಾಲಿ ಹಾಲಿನಲ್ಲಿ ಚಪ್ಪಾಳೆ ಸತ್ತ ಮಾತ್ರಕ್ಕೆ ಎಪ್ಪತ್ತು ಮಕ್ಕಳ ನಡುವೆ ಮಂದಗಿವಿಯ ಮಗುವಿಗೆ ಮಾತು ಮುಟ್ಟುತ್ತದೆ ಅಂತ ಯಾರು ಹೇಳಬೇಕು? ಮುಟ್ಟದಿದ್ದರೆ ಎರಡು ಹೆಸರೂ ಹೋದ ಹಾಗೆ.

ಸೋಮವಾರ ಕಟ್ಟಡ ಸಮಿತಿಯ ಅಧ್ಯಕ್ಷರು ಬಂದರು, ರಿಬ್ಬನ್ ಕತ್ತರಿಸಿದರು. ಮಕ್ಕಳನ್ನು ಮೊದಲೇ ಒಳಗೆ ಅಂಕದ ಪ್ರಕಾರ ಕೂರಿಸಿ ಕೈ ಕಟ್ಟಿಸಿದ್ದರು. ಪುಟ್ಟಿ ಕೊನೇ ಬೆಂಚಿನಲ್ಲಿದ್ದಳು. ಹಾಲು ಹೊಸದಾದರೂ ಶಿಸ್ತು ಹಳೆಯದೇ. ಮೇಸ್ತ್ರಿಯನ್ನು ಒಳಗೆ ಕರೆಯಲಿಲ್ಲ. ಅವನು ಹಿಂಬದಿಯ ಕಿಟಕಿಯ ಕೆಳಗೆ ಹೋಗಿ ನಿಂತ. ಕಿಟಕಿ ಆರಡಿ ಎತ್ತರ, ಅವನು ಐದಡಿ ಮೂರಂಗುಲ. ಕಾಣುವ ಮಾತೇ ಇಲ್ಲ, ಕಿವಿ ಕೊಟ್ಟು ನಿಂತ.

ಅಧ್ಯಕ್ಷರು ಕಟ್ಟೆ ಹತ್ತಿದರು. ಕಲಿಕೆ, ಬೆಳಕು, ಭವಿಷ್ಯ ಅನ್ನುವ ಮೂರು ಪದಗಳನ್ನು ಹಿಂದೆ ಮುಂದೆ ಮಾಡಿ ಇಪ್ಪತ್ತು ನಿಮಿಷ ಮಾತಾಡಿದರು, ಮಕ್ಕಳು ಚಪ್ಪಾಳೆ ತಟ್ಟಿ ಮತ್ತೆ ಕೈ ಕಟ್ಟಿದರು. ಕೂರುವ ಮೊದಲು ಅವರ ಕಣ್ಣು ಎದುರಿನ ಹಿಂಗೋಡೆಯ ಮೇಲೆ ಬಿತ್ತು. ಸುಣ್ಣ ಬಳಿದಿದ್ದರೂ ಗುಳಿಗಳು ಅಡಗಿರಲಿಲ್ಲ. ಅವರು ಪಕ್ಕದಲ್ಲಿದ್ದ ಹೆಡ್ಮಾಸ್ಟರ ಕಡೆ ಬಾಗಿ, ಮಕ್ಕಳಿಗೆ ತಿಳಿಯದ ಹಾಗೆ ದನಿ ತಗ್ಗಿಸಿ ಕೇಳಿದರು.

"ಯಾವ ಕುರುಡನ್ರೀ ಆ ಗೋಡೆ ಮಾಡಿದ್ದು?"

ಹೆಡ್ಮಾಸ್ಟರು ಬಾಯಿ ತೆರೆಯುವ ಮೊದಲು ನಲವತ್ತಡಿ ಆಚೆ ಕೊನೇ ಬೆಂಚಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು.

"ನಮ್ಮ ತಾತ, ಸಾರ್. ಅವ್ರು ಕುರುಡ ಅಲ್ಲ."

ಹೆಡ್ಮಾಸ್ಟರು ಕಟ್ಟೆಯ ಅಂಚಿಗೆ ಬಂದು, ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಲು ನಿನಗೆ ಯಾರು ಹೇಳಿಕೊಟ್ಟದ್ದು ಅಂತ ಗದರಿದರು.

"ಯಾರೂ ಹೇಳ್ಕೊಡ್ಲಿಲ್ಲ ಸಾರ್," ಅಂದಳು ಪುಟ್ಟಿ. "ಕೇಳಿಸ್ತು."

ಹೊರಗೆ ಕಿಟಕಿಯ ಕೆಳಗೆ ಮೇಸ್ತ್ರಿ ಮಿಕ್ಕಿದ್ದ ಮರಳಿನ ಗುಡ್ಡೆಯ ಮೇಲೆ ಕುಸಿದು ಕೂತ. ಒಳಗೆ ಮೊಮ್ಮಗಳಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯಾಗುತ್ತಿತ್ತು, ಆ ಮಾತೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ದಾರಿಯಲ್ಲಿ ಹೋಗುವವರು, ಪಾಪ, ಕೈ ಹೋದ ದುಃಖಕ್ಕೆ ಅಳುತ್ತಿದ್ದಾನೆ ಅಂದುಕೊಂಡರು.